ಪದವಿಯ ಆಯ್ಕೆ ಮತ್ತು ನಾವು ಮರೆತ ಒಂದು ಫರ್ಝ್

ಪ್ರತಿವರ್ಷ ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸುರಪುರದ ಮಗ್ಗುಲಲ್ಲಿರುವ ರಂಗಂಪೇಟೆಯ ಓಣಿಗಳಲ್ಲಿ ಅದು "ಹುಡುಗನ್ನ ಮುಂದ ಏನ್ ಓದಸ್ತೀರಿ?" ಎಂದು ಕೇಳಿಬರುತ್ತದೆ. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಬರುತ್ತದೆ. ಉತ್ತರ ಮೆಡಿಕಲ್ ಎಂದೋ ಕಂಪ್ಯೂಟರ್ ಸೈನ್ಸ್ ಎಂದೋ ಇದ್ದರೆ ಕೇಳಿದವರ ಬಾಯಿಂದ 'ಮಾಶಾ ಅಲ್ಲಾಹ್' ಎಂಬ ಮಾತು ತಾನಾಗಿ ಹೊರಡುತ್ತದೆ. ಇತಿಹಾಸ, ಗಣಿತ, ಕೃಷಿ ಅಥವಾ ಕನ್ನಡ ಎಂದರೆ ಒಂದು ಕ್ಷಣ ಮೌನ. ಆಮೇಲೆ "ಯಾಕ, ಮಾರ್ಕ್ಸ್ ಕಡಿಮಿ ಬಂದಾವೇನು?" ಎಂಬ ಅನುಕಂಪದ ಮಾತು.

ಈ 'ಮಾಶಾ ಅಲ್ಲಾಹ್' ಮತ್ತು ಈ ಮೌನ ಎರಡೂ ಸಣ್ಣ ಸಂಗತಿಗಳಲ್ಲ. ಯಾವ ಜ್ಞಾನಕ್ಕೆ ಗೌರವವಿದೆ, ಯಾವುದಕ್ಕಿಲ್ಲ ಎಂಬುದನ್ನು ಸಮುದಾಯವು ತನ್ನ ಮಕ್ಕಳಿಗೆ ಕಲಿಸುವುದು ಇವುಗಳ ಮೂಲಕವೇ. ಆದ್ದರಿಂದ ಪದವಿಯ ವಿಷಯವನ್ನು ಆರಿಸುವುದು ಕೇವಲ ಸಂಬಳದ ಲೆಕ್ಕಾಚಾರವೇ ಅಥವಾ ಅದರಲ್ಲಿ ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದ ಅಂಶವೂ ಇದೆಯೇ ಎಂದು ನಾವು ಗಂಭೀರವಾಗಿ ಯೋಚಿಸಬೇಕಾಗಿದೆ.

ಎರಡು ಬಗೆಯ ನೂಕುನುಗ್ಗಲು

ದೇಶದಲ್ಲಿ ಪದವಿ ವ್ಯಾಸಂಗ ಮಾಡುವವರು ಏನನ್ನು ಓದುತ್ತಿದ್ದಾರೆಂಬುದನ್ನು ಮೊದಲು ನೋಡೋಣ. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯ ಪ್ರಕಾರ ಪದವಿ ಮಟ್ಟದಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳಿರುವುದು ಕಲಾ ವಿಭಾಗದಲ್ಲಿ: ನೂರಕ್ಕೆ ಸುಮಾರು 34 ಮಂದಿ. ಬಳಿಕ ವಿಜ್ಞಾನದಲ್ಲಿ ಸುಮಾರು 15, ವಾಣಿಜ್ಯದಲ್ಲಿ 13, ಇಂಜಿನಿಯರಿಂಗ್‌ನಲ್ಲಿ 12 ಮಂದಿ ಇದ್ದಾರೆ.

ಈ ಅಂಕಿಗಳನ್ನು ನೋಡಿ, ಕಲಾ ವಿಷಯಗಳ ಮೇಲೆ ಜನರಿಗೆ ಅಷ್ಟೊಂದು ಪ್ರೀತಿಯೇ ಎಂದು ಯಾರಾದರೂ ಅಚ್ಚರಿಪಡಬಹುದು. ವಾಸ್ತವ ಬೇರೆಯೇ ಇದೆ. ಬಿ.ಎ. ತರಗತಿಗಳು ತುಂಬಿರುವುದು ಹೆಚ್ಚಾಗಿ ಕಾಲೇಜು ಹತ್ತಿರವಿದೆ, ಫೀಸು ಕಡಿಮೆ ಇದೆ, ಮಗಳನ್ನು ದೂರ ಕಳುಹಿಸಲು ಮನೆಯವರು ಒಪ್ಪುವುದಿಲ್ಲ ಎಂಬ ಕಾರಣಗಳಿಂದ. ಹಣವೂ ಅನುಕೂಲವೂ ಇರುವವರು ನುಗ್ಗುವ ಬಾಗಿಲು ಬೇರೆ. ವೈದ್ಯಕೀಯ ಸೀಟಿಗಾಗಿ ಕೆಲವರು ಎರಡು-ಮೂರು ವರ್ಷ ಮತ್ತೆ ಮತ್ತೆ 'ನೀಟ್' ಬರೆಯುತ್ತಾರೆ. ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಮುಗಿಬೀಳುತ್ತಾರೆ. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ.

ಹೀಗೆ ನಮ್ಮ ಮುಂದೆ ಇರುವುದು ಎರಡು ಬಗೆಯ ನೂಕುನುಗ್ಗಲು. ಒಂದು ಅಸಹಾಯಕತೆಯದ್ದು, ಇನ್ನೊಂದು ಆಸೆಯದ್ದು. ಎರಡರಲ್ಲಿಯೂ ಕಾಣದಿರುವುದು ಒಂದೇ: ಈ ವಿಷಯವನ್ನು ನಾನು ಏಕೆ ಕಲಿಯುತ್ತಿದ್ದೇನೆ ಎಂಬ ಪ್ರಶ್ನೆ.

ಇದಕ್ಕೆ ಭಿನ್ನವಾದ ಒಂದು ಏರ್ಪಾಡು ನಮ್ಮ ರಾಜ್ಯದಲ್ಲಿಯೇ ಇದೆ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಬಹುಕಾಲ ಉನ್ನತ ಸಂಶೋಧನೆಗಷ್ಟೇ ಮೀಸಲಾಗಿತ್ತು. ಅದು 2011ರಲ್ಲಿ ನಾಲ್ಕು ವರ್ಷಗಳ ಪದವಿ ಶಿಕ್ಷಣವನ್ನು ಆರಂಭಿಸಿತು. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ವಸ್ತುವಿಜ್ಞಾನ, ಭೂಮಿ ಮತ್ತು ಪರಿಸರ ವಿಜ್ಞಾನ ಮುಂತಾದ ಮುಖ್ಯ ವಿಷಯಗಳಿವೆ. ಆದರೆ ಸೇರಿದ ದಿನವೇ ಇವುಗಳಲ್ಲಿ ಒಂದನ್ನು ಹಿಡಿಯಬೇಕಾಗಿಲ್ಲ. ಮೊದಲ ಮೂರು ಸೆಮಿಸ್ಟರ್‌ಗಳಲ್ಲಿ ಎಲ್ಲರೂ ವಿಜ್ಞಾನದ ಎಲ್ಲ ಮೂಲ ವಿಷಯಗಳನ್ನು, ಜೊತೆಗೆ ಒಂದಿಷ್ಟು ಮಾನವಿಕ ವಿಷಯಗಳನ್ನೂ ಕಲಿಯುತ್ತಾರೆ. ತನ್ನ ಒಲವು ಯಾವುದರತ್ತ ಎಂದು ಪರೀಕ್ಷಿಸಿ ನೋಡಿದ ಬಳಿಕ ಮುಖ್ಯ ವಿಷಯದ ಆಯ್ಕೆ. ಕೊನೆಯ ವರ್ಷ ಸಂಶೋಧನೆಯ ಕೆಲಸ. ನಮ್ಮ ಹೆಚ್ಚಿನ ಮಕ್ಕಳ ಹಣೆಬರಹವಾದರೋ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ: ಎಂಬತ್ತರ ಮೇಲೆ ಬಂದರೆ ಸೈನ್ಸ್, ಅರವತ್ತರ ಮೇಲಾದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್. ಮಗುವನ್ನು ಯಾರೂ ಕೇಳುವುದಿಲ್ಲ, ಅಂಕಪಟ್ಟಿಯನ್ನು ಕೇಳುತ್ತಾರೆ.

ಇಮಾಮ್ ಗಝ್ಝಾಲಿಯವರ ಒಂದು ದೂರು

ಜನಪ್ರಿಯ ವಿಷಯದ ಹಿಂದೆ ಓಡುವ ಈ ರೋಗ ಇಂದಿನದಲ್ಲ. ಒಂಬತ್ತು ಶತಮಾನಗಳ ಹಿಂದೆ ಇಮಾಮ್ ಗಝ್ಝಾಲಿ(ರ) ತಮ್ಮ ಪ್ರಸಿದ್ಧ ಗ್ರಂಥ 'ಇಹ್ಯಾ ಉಲೂಮುದ್ದೀನ್'ನ ಜ್ಞಾನದ ಅಧ್ಯಾಯದಲ್ಲಿ ಇದೇ ವಿಷಯವಾಗಿ ಕಟುವಾಗಿ ಬರೆದಿದ್ದಾರೆ.

ಅವರ ವಾದ ಅರ್ಥವಾಗಬೇಕಾದರೆ ಎರಡು ಪದಗಳನ್ನು ತಿಳಿದಿರಬೇಕು. ನಮಾಝ್, ಉಪವಾಸಗಳಂತೆ ಪ್ರತಿಯೊಬ್ಬರ ಮೇಲೂ ವೈಯಕ್ತಿಕವಾಗಿ ಕಡ್ಡಾಯವಾಗಿರುವುದು 'ಫರ್ಝ್ ಐನ್'. ಸಮುದಾಯದಲ್ಲಿ ಸಾಕಷ್ಟು ಮಂದಿ ನಿರ್ವಹಿಸಿದರೆ ಉಳಿದವರ ಹೊಣೆ ಇಳಿಯುವ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ತಪ್ಪಿತಸ್ಥರಾಗುವ ಕರ್ತವ್ಯವು 'ಫರ್ಝ್ ಕಿಫಾಯ'. ಜನಾಝ ನಮಾಝನ್ನು ನಾವೆಲ್ಲರೂ ಇದಕ್ಕೆ ಉದಾಹರಣೆಯಾಗಿ ಕೇಳಿದ್ದೇವೆ. ಆದರೆ ಗಝ್ಝಾಲಿಯವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ವೈದ್ಯಶಾಸ್ತ್ರ, ಲೆಕ್ಕಶಾಸ್ತ್ರಗಳನ್ನೂ ಫರ್ಝ್ ಕಿಫಾಯದಲ್ಲಿ ಸೇರಿಸಿದರು. ಬೇಸಾಯ, ನೇಯ್ಗೆ, ಹೊಲಿಗೆಯಂಥ ಕಸುಬುಗಳನ್ನೂ ಸೇರಿಸಿದರು. ಏಕೆಂದರೆ ಇವುಗಳಿಲ್ಲದೆ ಜನಜೀವನ ನಡೆಯದು.

ಬಳಿಕ ಅವರು ತಮ್ಮ ಕಾಲದ ವಿದ್ಯಾರ್ಥಿಗಳ ಕಡೆಗೆ ತಿರುಗುತ್ತಾರೆ. ಮುಸ್ಲಿಮೇತರರ ಹೊರತು ಬೇರೆ ವೈದ್ಯರೇ ಇಲ್ಲದ ಊರುಗಳು ಎಷ್ಟೋ ಇವೆ. ಆದರೂ ವೈದ್ಯಶಾಸ್ತ್ರ ಕಲಿಯಲು ಯಾರೂ ಮುಂದಾಗುವುದಿಲ್ಲ. ಎಲ್ಲರೂ ಫಿಕ್ಹ್‌ನ, ಅದರಲ್ಲೂ ವಾದವಿವಾದದ ಕಲಿಕೆಗೆ ಮುಗಿಬೀಳುತ್ತಾರೆ ಎಂದು ದೂರುತ್ತಾರೆ. ಕಾರಣವನ್ನೂ ಮುಚ್ಚಿಡುವುದಿಲ್ಲ. ವೈದ್ಯಶಾಸ್ತ್ರದಿಂದ ವಕ್ಫ್‌ನ ಆಡಳಿತವಾಗಲಿ, ಅನಾಥರ ಸೊತ್ತಿನ ಮೇಲ್ವಿಚಾರಣೆಯಾಗಲಿ, ಕಾಝಿಯ ಹುದ್ದೆಯಾಗಲಿ ದೊರೆಯುವುದಿಲ್ಲ. ಓರಗೆಯವರ ಮುಂದೆ ಮೆರೆಯಲು ಅವಕಾಶವಾಗುವುದಿಲ್ಲ ಎಂಬುದೇ ಆ ಕಾರಣ.

ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅಂದು ಎಲ್ಲರೂ ನುಗ್ಗುತ್ತಿದ್ದ ಫಿಕ್ಹ್ ಕೀಳಾದ ವಿದ್ಯೆಯಲ್ಲ. ಅದು ದೀನೀ ಜ್ಞಾನ. ಸ್ವತಃ ಗಝ್ಝಾಲಿಯವರೇ ಅದರ ಮಹಾ ವಿದ್ವಾಂಸರು. ಅವರ ಆಕ್ಷೇಪ ಇದ್ದದ್ದು ಒಂದು ಬಾಗಿಲಲ್ಲಿ ಜನ ತುಂಬಿ ತುಳುಕುತ್ತಿರುವಾಗ ಪಕ್ಕದ ಬಾಗಿಲು ಖಾಲಿಯಾಗಿರುವುದರ ಬಗ್ಗೆ. ಫರ್ಝ್ ಕಿಫಾಯವನ್ನು ಪಾಲಿಸುತ್ತಿದ್ದೇನೆ ಎನ್ನುವವನು, ಈಗಾಗಲೇ ನೂರು ಮಂದಿ ಪಾಲಿಸುತ್ತಿರುವ ಕರ್ತವ್ಯಕ್ಕೆ ನೂರಾ ಒಂದನೆಯವನಾಗಿ ಸೇರಿ, ಒಬ್ಬನೂ ಇಲ್ಲದ ಕರ್ತವ್ಯವನ್ನು ಬಿಟ್ಟುಬಿಡುವುದು ಹೇಗೆ ಸರಿಯಾದೀತು?

ಪವಿತ್ರ ಕುರ್‌ಆನ್‌ನ ಅತ್ತೌಬ ಅಧ್ಯಾಯದ 122ನೆಯ ಸೂಕ್ತದಲ್ಲಿಯೂ ಇದೇ ದೃಷ್ಟಿ ಇದೆ. ಸತ್ಯವಿಶ್ವಾಸಿಗಳೆಲ್ಲರೂ ಒಟ್ಟಿಗೇ ಹೊರಟುಬಿಡಬಾರದು, ಪ್ರತಿಯೊಂದು ಸಮೂಹದಿಂದ ಒಂದು ತಂಡ ದೀನ್‌ನ ಆಳವಾದ ಅರಿವನ್ನು ಪಡೆಯಲು ಮೀಸಲಾಗಬೇಕು ಎಂಬ ನಿರ್ದೇಶ ಅಲ್ಲಿದೆ. ಯುದ್ಧದಂತಹ ತುರ್ತಿನ ಕಾಲದಲ್ಲಿಯೂ ಎಲ್ಲರೂ ಒಂದೇ ಕೆಲಸಕ್ಕೆ ಹೋಗಬಾರದು ಎಂದಾದರೆ, ಶಾಂತಿಯ ಕಾಲದಲ್ಲಿ ಎಲ್ಲರೂ ಒಂದೇ ಕೋರ್ಸಿಗೆ ಹೋಗುವುದಕ್ಕೆ ಏನೆನ್ನಬೇಕು?

ರಂಗಂಪೇಟೆಯ ಸುತ್ತ ಖಾಲಿ ಉಳಿದ ಬಾಗಿಲುಗಳು

ಇಂದು ಚಿತ್ರ ತಲೆಕೆಳಗಾಗಿದೆ. ಗಝ್ಝಾಲಿಯವರ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ವೈದ್ಯಶಾಸ್ತ್ರ ಇಂದು ಎಲ್ಲರಿಗೂ ಬೇಕು. ಹಿಂದುಳಿದ ಯಾದಗಿರಿ ಜಿಲ್ಲೆಗೆ ವೈದ್ಯರು ಬೇಕಾಗಿರುವುದು ನಿಜ. 2022ರಲ್ಲಿ ಯಾದಗಿರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ಸಂತೋಷದ ವಿಷಯ. ಆದರೆ ಬೇರೆ ಬಾಗಿಲುಗಳ ಕಡೆಗೂ ಒಮ್ಮೆ ನೋಡೋಣ. ದೂರ ಹೋಗಬೇಕಾಗಿಲ್ಲ; ರಂಗಂಪೇಟೆಯ ಸುತ್ತಮುತ್ತ ನೋಡಿದರೆ ಸಾಕು.

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರ ಭಾಗದ ಒಣ ಹೊಲಗಳಿಗೆ ನೀರು ತಂದಿತು. ಜೋಳ, ತೊಗರಿ ಬೆಳೆಯುತ್ತಿದ್ದ ಕಪ್ಪು ಮಣ್ಣಿನಲ್ಲಿ ಭತ್ತ ಬಂತು. ಜೊತೆಗೆ, ನೀರು ಹೆಚ್ಚಾಗಿ ನಿಂತ ತಗ್ಗಿನ ಹೊಲಗಳು ಸವಳು-ಜವಳಾಗಿ ಕೆಡುವ ಸಮಸ್ಯೆಯೂ ಬಂತು. ಆ ಭೂಮಿಯನ್ನು ಮತ್ತೆ ಸರಿಪಡಿಸುವ ವಿದ್ಯೆಗೆ ಮಣ್ಣುವಿಜ್ಞಾನ ಎನ್ನುತ್ತಾರೆ. ಅದನ್ನು ಕಲಿಯಲು ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲಿಯೇ ಕೃಷಿ ಕಾಲೇಜು ಇದೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಹೊಲವಿರುವ ಮನೆಯ ಜಾಣ ಹುಡುಗನಿಗೆ "ನೀನು ಹೊಲ ಬಿಟ್ಟು ಓದು" ಎನ್ನುವ ನಾವು "ಹೊಲವನ್ನೇ ಓದು" ಎಂದು ಹೇಳಿದ್ದುಂಟೇ?

ಇನ್ನೊಂದು ಉದಾಹರಣೆ. ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಹುಣಸಗಿಯ ಹೆಸರು ಜಗತ್ತಿನ ಪ್ರಾಕ್ತನಶಾಸ್ತ್ರಜ್ಞರಿಗೆಲ್ಲ ಗೊತ್ತು. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸ ಕೆ. ಪದ್ದಯ್ಯನವರು ದಶಕಗಳ ಕಾಲ ಈ ಕಣಿವೆಯಲ್ಲಿ ನಡೆದಾಡಿ, ಆದಿಮಾನವನ ಕಲ್ಲಿನ ಆಯುಧಗಳ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಆಯುಧಗಳನ್ನು ತಯಾರಿಸುತ್ತಿದ್ದ ಜಾಗವನ್ನೇ ಉತ್ಖನನ ಮಾಡಿದರು. ಅದು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು ಮಾಡಲಾಗಿದೆ. ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬವನ್ನು ಅಗೆದು ಅವರ ಜೀವನಕ್ರಮವನ್ನು ತೆರೆದಿಟ್ಟರು. ಅವರಿಗಿಂತ ಬಹಳ ಹಿಂದೆ, 1842ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸೀಮೆಯ ಪ್ರಾಚೀನ ಕಲ್ಲುಗೋರಿಗಳ ಬಗ್ಗೆ ಬರೆದಿದ್ದ. ಹದಿನೈದನೆಯ ವಯಸ್ಸಿಗೇ ಕೆಲಸಕ್ಕಾಗಿ ಹಡಗು ಹತ್ತಿ ಭಾರತಕ್ಕೆ ಬಂದ ಅವನು ಯಾವ ವಿಶ್ವವಿದ್ಯಾಲಯದ ಪದವೀಧರನೂ ಆಗಿರಲಿಲ್ಲ. ಹೊರಗಿನವರು ಬಂದು ನಮ್ಮ ನೆಲವನ್ನು ಓದಿದ್ದು ತಪ್ಪಲ್ಲ. ಅದು ಅವರ ಹಿರಿಮೆ. ಆದರೆ ಆ ಕಲ್ಲುಗಳ ಮೇಲೆ ನಡೆದು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ, ಇದೂ ಒಂದು ವಿದ್ಯೆ, ಇದನ್ನೂ ಕಲಿಯಬಹುದು ಎಂದು ಯಾರೂ ಹೇಳದಿರುವುದು ನಮ್ಮ ಲೋಪ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭ ಹೇಗಾಯಿತೆಂದು ನೋಡಿರಿ ಎಂಬ ಕುರ್‌ಆನ್‌ನ ಆದೇಶ (29:20) ನಮಗೂ ಅನ್ವಯವಾಗುತ್ತದೆಯಲ್ಲವೇ?

ಶಹಾಪುರ ತಾಲೂಕಿನ ಗೋಗಿಯ ಸಂಗತಿಯನ್ನಂತೂ ಹೇಳಲೇಬೇಕು. ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವುದು ಬಿಜಾಪುರದಲ್ಲಲ್ಲ, ಗೋಗಿಯಲ್ಲಿ, ಸೂಫಿ ಚಂದಾ ಹುಸೈನಿಯವರ ದರ್ಗಾದ ಆವರಣದಲ್ಲಿ. ಈ ಭಾಗದ ಹಳೆಯ ಶಾಸನಗಳನ್ನು, ಸನದುಗಳನ್ನು, ವಕ್ಫ್‌ನ ದಾಖಲೆಗಳನ್ನು ಓದಬೇಕಾದರೆ ಫಾರ್ಸಿ ಬರಬೇಕು, ಇತಿಹಾಸದ ತರಬೇತಿ ಇರಬೇಕು. ಒಂದು ವಕ್ಫ್ ಜಮೀನಿನ ವ್ಯಾಜ್ಯ ಕೋರ್ಟಿಗೆ ಹೋದಾಗ ಹಳೆಯ ಕಾಗದವನ್ನು ಓದಬಲ್ಲವರಿಗಾಗಿ ನಾವು ಊರೂರು ಅಲೆಯುತ್ತೇವೆ. ಆಗ ನೆನಪಾಗುವ ವಿದ್ಯೆ ಕಾಲೇಜು ಫಾರ್ಮ್ ತುಂಬುವಾಗ ಏಕೆ ನೆನಪಾಗುವುದಿಲ್ಲ?

ಹೀಗೆಯೇ ಹಳ್ಳಿಯ ಶಾಲೆಗೆ ಗಣಿತದ ಒಳ್ಳೆಯ ಶಿಕ್ಷಕರು ಬೇಕು. ತಲಾಕ್, ಆಸ್ತಿ ಹಂಚಿಕೆಯ ವಿಷಯದಲ್ಲಿ ನೊಂದ ಹೆಣ್ಣುಮಕ್ಕಳಿಗೆ ಕಾನೂನು ಬಲ್ಲ ಸಹೋದರಿಯರು ಬೇಕು. ಮನಸ್ಸಿನ ಕಾಯಿಲೆಯನ್ನು 'ಗಾಳಿ' ಎಂದುಕೊಂಡು ತಾಯಿತ ಕಟ್ಟಿಸುತ್ತಾ ಅಲೆಯುವ ಕುಟುಂಬಗಳಿಗೆ ಮನಃಶಾಸ್ತ್ರ ಬಲ್ಲವರು ಬೇಕು. ನಮ್ಮ ಸಮುದಾಯದ ಸ್ಥಿತಿಗತಿಯನ್ನು ಕಣ್ಣೀರಿನಲ್ಲಲ್ಲ, ಅಂಕಿ-ಅಂಶಗಳಲ್ಲಿ ತೋರಿಸಬಲ್ಲ ಸಂಖ್ಯಾಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಬೇಕು. ಇವೆಲ್ಲ ಇಂದಿನ ಫರ್ಝ್ ಕಿಫಾಯಗಳು.

ಬಡವನ ಪ್ರಶ್ನೆ

ಇಷ್ಟು ಓದಿದ ಬಳಿಕ ಒಬ್ಬ ತಂದೆ ಹೀಗೆ ಕೇಳಬಹುದು: "ನೀವು ಹೇಳುವುದೆಲ್ಲ ಸರಿ. ನಾನು ಗ್ಯಾರೇಜಿನಲ್ಲಿ ದುಡಿಯುವವನು. ಮನೆಯಲ್ಲಿ ಮೂರು ಮಕ್ಕಳು. ಒಬ್ಬ ಮಗನಾದರೂ ಇಂಜಿನಿಯರ್ ಆದರೆ ಸಾಲ ತೀರುತ್ತದೆ, ಮಗಳ ನಿಕಾಹ್ ಆಗುತ್ತದೆ. ಸಮುದಾಯದ ಫರ್ಝ್‌ನ ಭಾರವನ್ನು ನನ್ನ ಮಗನ ಹೆಗಲ ಮೇಲೆಯೇ ಏಕೆ ಹೊರಿಸುತ್ತೀರಿ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರಷ್ಟೂ ಇರಲಿಲ್ಲ. ರಾಜ್ಯದಲ್ಲಿಯೇ ಅದು ಕಟ್ಟಕಡೆಯ ಸ್ಥಾನ. 2006ರಲ್ಲಿ ಸಾಚಾರ್ ಸಮಿತಿ ನೀಡಿದ ವರದಿಯ ಪ್ರಕಾರ ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬ, 50 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮನಾಗಿದ್ದ. ಕಾಲೇಜಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿರುವಾಗ ಯಾವ ಮೆಟ್ಟಿಲು ಹತ್ತಬೇಕೆಂದು ಉಪದೇಶ ಮಾಡುವುದು ಸುಲಭ.

ಆದ್ದರಿಂದ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನೆಮಂದಿಯ ಹೊಟ್ಟೆ ತುಂಬಿಸುವುದಕ್ಕಾಗಿ ಒಂದು ವಿಷಯವನ್ನು ಆರಿಸುವುದು ಪಾಪವಲ್ಲ, ಅದೂ ಇಬಾದತ್. ಪುಣ್ಯದ ನಿರೀಕ್ಷೆಯಿಂದ ಸ್ವಂತ ಕುಟುಂಬಕ್ಕಾಗಿ ಮಾಡುವ ಖರ್ಚೂ ದಾನವಾಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್). ಹಲಾಲ್ ದುಡಿಮೆಗಾಗಿ ಕಂಪ್ಯೂಟರ್ ಕಲಿತು ತಂದೆಯ ಸಾಲ ತೀರಿಸುವ ಹುಡುಗನನ್ನು ಹಣದಾಸೆಯವನೆಂದು ಹಳಿಯುವ ಹಕ್ಕು ಯಾರಿಗೂ ಇಲ್ಲ.

ಎರಡನೆಯದಾಗಿ, ಫರ್ಝ್ ಕಿಫಾಯದ ಹೊಣೆ ಎಲ್ಲರ ಮೇಲೆ ಸಮಾನವಾಗಿ ಬೀಳುವುದಿಲ್ಲ. ಅದು ಸಾಮರ್ಥ್ಯವನ್ನು ಅನುಸರಿಸುತ್ತದೆ. ಮುಳುಗುತ್ತಿರುವವನನ್ನು ಎತ್ತುವ ಹೊಣೆ ದಡದಲ್ಲಿರುವ ಎಲ್ಲರ ಮೇಲಿದೆ. ಆದರೆ ನೀರಿಗೆ ಹಾರಬೇಕಾದವನು ಈಜು ಬಲ್ಲವನು. ಈಜಲಾರದವನು ಹಗ್ಗ ತರಬೇಕು, ಕೂಗಿ ಕರೆಯಬೇಕು. ಅಂತೆಯೇ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಾದವರು ಉಳ್ಳವರು. ಮೂವರು ಮಕ್ಕಳಲ್ಲಿ ಇಬ್ಬರು ಈಗಾಗಲೇ ಡಾಕ್ಟರಾಗಿರುವ ಮನೆಯಲ್ಲಿ ಮೂರನೆಯ ಮಗುವಿಗೆ ಇತಿಹಾಸದಲ್ಲಿ ಒಲವಿದ್ದರೂ ಡೊನೇಶನ್ ಕೊಟ್ಟು ಮೆಡಿಕಲ್‌ಗೆ ಸೇರಿಸುವ ತಂದೆಗೆ ಬಡತನದ ನೆಪವಿಲ್ಲ. ಅಲ್ಲಿ ಇರುವುದು ಕುಟುಂಬದ ಅಗತ್ಯವಲ್ಲ, ನೆಂಟರ ಮುಂದಿನ ಪ್ರತಿಷ್ಠೆ.

ಮೂರನೆಯದಾಗಿ, ಖಾಲಿ ಬಾಗಿಲನ್ನು ಪ್ರವೇಶಿಸಲು ಒಬ್ಬ ಬಡ ವಿದ್ಯಾರ್ಥಿ ಸಿದ್ಧನಾದರೆ ಅವನ ಖರ್ಚು ಸಮುದಾಯದ ಹೊಣೆ. ನಮ್ಮ ಸ್ಕಾಲರ್‌ಶಿಪ್‌ಗಳ ಅರ್ಜಿಗಳನ್ನು ನೋಡಿರಿ, ಸನ್ಮಾನ ಸಮಾರಂಭಗಳ ಬ್ಯಾನರ್‌ಗಳನ್ನು ನೋಡಿರಿ. ಶಾಲು, ಹಾರ, ನಗದು ಬಹುಮಾನ ಎಲ್ಲವೂ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟು ಪಡೆದವರಿಗೆ. ಎಂ.ಎಸ್ಸಿ. ಗಣಿತದಲ್ಲಿ ಉತ್ತೀರ್ಣಳಾದ ಹುಡುಗಿಗೆ ಒಂದು ಕುರ್ಚಿಯಾದರೂ ಆ ವೇದಿಕೆಯ ಮೇಲೆ ಇರುತ್ತದೆಯೇ? ಸಮುದಾಯವು ಸನ್ಮಾನಿಸುವುದನ್ನೇ ಮಕ್ಕಳು ಬಯಸುತ್ತಾರೆ. ಆಮೇಲೆ "ನಮ್ಮಲ್ಲಿ ವಿದ್ವಾಂಸರಿಲ್ಲ" ಎಂದು ಪ್ರಲಾಪಿಸಿ ಪ್ರಯೋಜನವಿಲ್ಲ. ಸಮುದಾಯವು ಹಗ್ಗ ಹಿಡಿಯದೆ ಬಡವನ ಮಗನಿಗೆ "ಹಾರು" ಎಂದು ಹೇಳುವುದು ಉಪದೇಶವಲ್ಲ, ಅನ್ಯಾಯ.

ಮಗುವಿನ ಒಲವು, ಹೆತ್ತವರ ಹಕ್ಕು

ತಂದೆತಾಯಿಯರ ಆಜ್ಞಾಪಾಲನೆಗೆ ಇಸ್ಲಾಮ್ ನೀಡಿರುವ ಮಹತ್ವವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ಆ ಹಕ್ಕನ್ನು ಹಿಡಿದುಕೊಂಡು, ರಕ್ತ ನೋಡಿದರೆ ತಲೆ ತಿರುಗುವ ಮಗನನ್ನು ಡಾಕ್ಟರಾಗು ಎಂದು ಒತ್ತಾಯಿಸುವುದು ಸರಿಯೇ? ಪ್ರತಿಯೊಬ್ಬನಿಗೂ ಅವನು ಯಾವುದಕ್ಕಾಗಿ ಸೃಷ್ಟಿಸಲ್ಪಟ್ಟಿದ್ದಾನೋ ಆ ದಾರಿ ಸುಲಭಗೊಳಿಸಲ್ಪಡುತ್ತದೆ ಎಂಬ ಅರ್ಥದ ಪ್ರವಾದಿ ವಚನವೊಂದಿದೆ (ಬುಖಾರಿ, ಮುಸ್ಲಿಮ್). ವಿಧಿಯ ಕುರಿತಾದ ಆ ಮಾತಿನಲ್ಲಿ ಶಿಕ್ಷಣಕ್ಕೂ ಒಂದು ಪಾಠವಿದೆ.

ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಿಲ್ಲ. ವಾರೀಸು ಹಕ್ಕಿನ ನಿಯಮಗಳಲ್ಲಿ ಝೈದ್ ಬಿನ್ ಸಾಬಿತ್(ರ), ಹಲಾಲ್-ಹರಾಮ್‌ಗಳ ಜ್ಞಾನದಲ್ಲಿ ಮುಆದ್ ಬಿನ್ ಜಬಲ್(ರ), ಕುರ್‌ಆನ್ ಪಾರಾಯಣದಲ್ಲಿ ಉಬಯ್ಯ್ ಬಿನ್ ಕಅಬ್(ರ) ಎಂದು ಒಬ್ಬೊಬ್ಬರ ವಿಶೇಷತೆಯನ್ನು ಬೇರೆ ಬೇರೆಯಾಗಿ ಗುರುತಿಸಿ ಹೇಳಿದರು (ತಿರ್ಮಿದಿ). ಯಹೂದಿಯರೊಂದಿಗೆ ಪತ್ರವ್ಯವಹಾರ ನಡೆಸಲು ಅವರ ಲಿಪಿ ಬಲ್ಲವರು ಬೇಕಾದಾಗ ಮದೀನಾದವರೆಲ್ಲರನ್ನೂ ಕಲಿಯಲು ಕೂರಿಸಲಿಲ್ಲ. ಚುರುಕು ಬುದ್ಧಿಯ ತರುಣ ಝೈದ್‌ರನ್ನು ಆರಿಸಿದರು. ಅವರು ಸುಮಾರು ಅರ್ಧ ತಿಂಗಳಲ್ಲಿ ಅದನ್ನು ಕಲಿತರು. ಅಗತ್ಯ ಒಂದು ಕಡೆ, ಯೋಗ್ಯತೆ ಇನ್ನೊಂದು ಕಡೆ. ಎರಡೂ ಸೇರುವ ಸ್ಥಳದಲ್ಲಿ ಆಯ್ಕೆ. ಇದು ಪ್ರವಾದಿ(ಸ)ರ ಮಾದರಿ.

ಇಮಾಮ್ ಝರ್ನೂಜಿ(ರ) ವಿದ್ಯಾರ್ಥಿಗಳಿಗಾಗಿ ಬರೆದ 'ತಅ್‌ಲೀಮುಲ್ ಮುತಅಲ್ಲಿಮ್' ಎಂಬ ಪುಟ್ಟ ಗ್ರಂಥ ಇಂದಿಗೂ ಮದ್ರಸಗಳಲ್ಲಿ ಓದಲ್ಪಡುತ್ತದೆ. ವಿಷಯದ ಆಯ್ಕೆಯನ್ನು ಗುರುವಿಗೆ ಬಿಡಬೇಕು, ಏಕೆಂದರೆ ಶಿಷ್ಯನ ಸ್ವಭಾವಕ್ಕೆ ಯಾವುದು ಹೊಂದುತ್ತದೆಂದು ಅನುಭವಿ ಗುರುವಿಗೆ ತಿಳಿದಿರುತ್ತದೆ ಎಂದು ಅವರು ಅದರಲ್ಲಿ ಸಲಹೆ ನೀಡಿದ್ದಾರೆ. ಇಂದು ನಾವು ಮಗುವಿನ ಶಿಕ್ಷಕರನ್ನು ಕೇಳುತ್ತೇವೆಯೇ? ಸೌದಿಯಲ್ಲಿರುವ ಚಾಚಾರನ್ನು ಕೇಳುತ್ತೇವೆ, ಪಕ್ಕದ ಮನೆಯವರ ಮಗ ಏನು ತೆಗೆದುಕೊಂಡ ಎಂದು ಕೇಳುತ್ತೇವೆ. ಹತ್ತು ವರ್ಷ ಮಗುವಿಗೆ ಪಾಠ ಹೇಳಿದವರನ್ನು ಕೇಳುವುದಿಲ್ಲ.

ಮಕ್ಕಳಿಗೂ ಒಂದು ಮಾತು ಹೇಳಬೇಕು. 'ನನ್ನ ಒಲವು' ಎಂಬುದು ಸೋಮಾರಿತನಕ್ಕೆ ಹೊದಿಸುವ ಶಾಲಾಗಬಾರದು. ಕಷ್ಟವೆಂದು ಗಣಿತ ಬಿಟ್ಟವನು 'ನನಗೆ ಸಾಹಿತ್ಯದಲ್ಲಿ ಒಲವು' ಎಂದರೆ, ಸಾಹಿತ್ಯವನ್ನಾದರೂ ರಾತ್ರಿ ಹಗಲೆನ್ನದೆ ಓದುತ್ತಾನೆಯೇ ಎಂದು ನೋಡಬೇಕು. ನಿಜವಾದ ಒಲವಿನ ಲಕ್ಷಣವೇ ಪರಿಶ್ರಮ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಅನ್ಯಾಯ ಇನ್ನೊಂದು ಬಗೆಯದು. ಮಗನ ಮೇಲೆ ಅತಿಯಾದ ನಿರೀಕ್ಷೆ ಹೊರಿಸಿದರೆ ಮಗಳ ಮೇಲೆ ಯಾವ ನಿರೀಕ್ಷೆಯನ್ನೂ ಇಡುವುದಿಲ್ಲ. "ನಿಕಾಹ್ ಆಗೋತನ ಒಂದು ಡಿಗ್ರಿ ಇರಲಿ" ಎಂಬ ಧೋರಣೆಯಿಂದ ಅವಳನ್ನು ಹತ್ತಿರದ ಕಾಲೇಜಿನ ಯಾವುದೋ ವಿಷಯಕ್ಕೆ ಸೇರಿಸುತ್ತೇವೆ. ಹಿರಿಯ ಸಹಾಬಿಗಳೂ ಸಂದೇಹ ಬಂದಾಗ ಹಝ್ರತ್ ಆಯಿಶಾ(ರ)ರ ಬಳಿ ಹೋಗುತ್ತಿದ್ದರು ಎಂದು ಮಿಂಬರ್‌ಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಮನೆಯಲ್ಲಿರುವ ಮಗಳಿಗೆ ಏನು ಕಲಿಯಬೇಕೆಂದಿದೆ ಎಂದು ಒಮ್ಮೆಯಾದರೂ ಕೇಳಬೇಡವೇ?

ನಿಯ್ಯತ್ ಎಂಬ ತಕ್ಕಡಿ

ಹಾಗಾದರೆ ಜನಪ್ರಿಯ ವಿಷಯವನ್ನು ಬಿಟ್ಟು ಅಪರೂಪದ್ದನ್ನು ಆರಿಸಿದ ಮಾತ್ರಕ್ಕೆ ಒಬ್ಬನು ಶ್ರೇಷ್ಠನಾಗುತ್ತಾನೆಯೇ? ಇಲ್ಲ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಪ್ರಸಿದ್ಧ ಹದೀಸ್ ಇಲ್ಲಿಯೂ ತಕ್ಕಡಿಯಾಗಿದೆ. ಎಲ್ಲರಿಗಿಂತ ಭಿನ್ನನಾಗಿ ಕಾಣಬೇಕೆಂದು ಪ್ರಾಕ್ತನಶಾಸ್ತ್ರ ಕಲಿಯುವವನಿಗಿಂತ, ಸುರಪುರಕ್ಕೆ ಮರಳಿ ಬಡ ಬಾಣಂತಿಯರ ಸೇವೆ ಮಾಡಬೇಕೆಂದು ಎಲ್ಲರಂತೆ ವೈದ್ಯಕೀಯ ಕಲಿಯುವವಳು ಎಷ್ಟೋ ಮೇಲು. ಒಂದೇ ತರಗತಿಯ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಆ ಜ್ಞಾನ ನಾಳೆ ಪರವಾದ ಸಾಕ್ಷಿಯಾಗಬಹುದು, ಇನ್ನೊಬ್ಬರಿಗೆ ವಿರುದ್ಧವಾದ ಸಾಕ್ಷಿ. ಪ್ರಯೋಜನಕ್ಕೆ ಬಾರದ ಜ್ಞಾನದಿಂದ ಪ್ರವಾದಿ(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು (ಮುಸ್ಲಿಮ್). ಯಾವ ಜ್ಞಾನ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ವಿಷಯದ ಹೆಸರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ; ಅದನ್ನು ಹೊತ್ತವನಿಂದಲೂ ನಿರ್ಧಾರವಾಗುತ್ತದೆ.

ಇದಕ್ಕೆ ಗಝ್ಝಾಲಿಯವರ ಬದುಕೇ ನಿದರ್ಶನ. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯ್ಯ ವಿದ್ಯಾಕೇಂದ್ರದ ಮುಖ್ಯ ಅಧ್ಯಾಪಕರಾದಾಗ ಅವರಿಗೆ ಸುಮಾರು ಮೂವತ್ತಮೂರು ವರ್ಷ. ಅಂದಿನ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಪೀಠ ವಿರಳ. ಆದರೆ ತನ್ನ ಅಧ್ಯಾಪನದ ಹಿಂದಿರುವುದು ಅಲ್ಲಾಹನ ಸಂಪ್ರೀತಿಯಲ್ಲ, ಕೀರ್ತಿಯ ಆಸೆ ಎಂದು ಅರಿವಾದಾಗ ಅವರು 1095ರಲ್ಲಿ ಆ ಪೀಠವನ್ನು ತೊರೆದು ಹೊರಟರು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಂತರ್ಮುಖಿಗಳಾಗಿದ್ದು, 1106ರಲ್ಲಿ ನೈಸಾಬೂರಿನಲ್ಲಿ ಮತ್ತೆ ಅಧ್ಯಾಪಕರಾದರು. ಕೆಲಸ ಅದೇ, ಪಾಠ ಹೇಳುವುದು. ಬದಲಾದದ್ದು ನಿಯ್ಯತ್. ಅವರು ಬಿಟ್ಟದ್ದು ವಿದ್ಯೆಯನ್ನಲ್ಲ, ವಿದ್ಯೆಯೊಳಗೆ ಬೆಳೆದಿದ್ದ ಅಹಂಕಾರವನ್ನು.

ಫಾರ್ಮ್ ತುಂಬುವ ಮುನ್ನ

ಕುಟುಂಬದವರು ಒಟ್ಟಿಗೆ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಮಗುವಿಗೆ ಅಲ್ಲಾಹನು ಯಾವ ಸಾಮರ್ಥ್ಯವನ್ನು ಅಮಾನತ್ತಾಗಿ ಕೊಟ್ಟಿದ್ದಾನೆ? ಮನೆಯ ನಿಜವಾದ ಅಗತ್ಯವೆಷ್ಟು, ಪ್ರತಿಷ್ಠೆಯ ಆಸೆಯೆಷ್ಟು? ನಮ್ಮ ಊರಿಗೆ, ಸಮುದಾಯಕ್ಕೆ, ನಾಡಿಗೆ ಕೊರತೆಯಾಗಿರುವುದು ಏನು? ಈ ವಿದ್ಯೆಯಿಂದ ನಾವು ಅಲ್ಲಾಹನ ಸಂಪ್ರೀತಿಯನ್ನು ಹೇಗೆ ಬಯಸುತ್ತೇವೆ? ಇವುಗಳಿಗೆ ಪ್ರಾಮಾಣಿಕ ಉತ್ತರ ಸಿಕ್ಕಿ, ಸಮಾಲೋಚನೆ ನಡೆಸಿ, ಇಸ್ತಿಖಾರದ ನಮಾಝ್ ನಿರ್ವಹಿಸಿದ ಬಳಿಕ ಮೆಡಿಕಲ್ ಎಂದೇ ನಿರ್ಧಾರವಾದರೆ ನಿಶ್ಚಿಂತೆಯಿಂದ ಸೇರಿಸಲಿ. ಭೂಗೋಳವೆಂದಾದರೆ ಸಂಕೋಚವಿಲ್ಲದೆ ಸೇರಿಸಲಿ.

ಅವಕಾಶಗಳ ಬಾಗಿಲುಗಳು ಹಿಂದೆಂದಿಗಿಂತ ಹೆಚ್ಚು ತೆರೆದಿವೆ. ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ 2013ರಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ ನೂರಕ್ಕೆ 8ರಷ್ಟು ಸೀಟುಗಳ ಮೀಸಲಾತಿ ಇದೆ. ಕಲಬುರಗಿಯ ಬಳಿ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಭೂವಿಜ್ಞಾನ, ಭೂಗೋಳ, ಮನಃಶಾಸ್ತ್ರದಂತಹ ವಿಭಾಗಗಳು ಅಲ್ಲಿವೆ. ಪದವಿಯ ನಿಯಮಗಳು ಆಗಾಗ ಬದಲಾಗುತ್ತಿ­ರುವುದೂ ನಿಜ. 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿಯನ್ನು ರಾಜ್ಯ ಸರಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ಪ್ರತಿ ಮಸೀದಿಯ ಜಮಾಅತ್‌ನಲ್ಲಿ ಓದಿದ ಇಬ್ಬರು-ಮೂವರು ಫಲಿತಾಂಶದ ದಿನಗಳಲ್ಲಿ ಅಸರ್ ನಮಾಝ್‌ನ ಬಳಿಕ ಒಂದು ಗಂಟೆ ಕುಳಿತು ಮಕ್ಕಳಿಗೂ ಹೆತ್ತವರಿಗೂ ಈ ಮಾಹಿತಿ ನೀಡಿದರೆ, ಅದು ಯಾವ ಸನ್ಮಾನ ಸಮಾರಂಭಕ್ಕಿಂತಲೂ ದೊಡ್ಡ ಸೇವೆಯಾದೀತು.

ಮತ್ತು ನಾವೆಲ್ಲರೂ ಮಾಡಬಹುದಾದ, ಒಂದು ಕಾಸೂ ಖರ್ಚಿಲ್ಲದ ಕೆಲಸವೊಂದಿದೆ. ಈ ಸಲ ರಂಗಂಪೇಟೆಯಲ್ಲಿ, ಅಥವಾ ನಿಮ್ಮ ಊರಿನಲ್ಲಿ, ಒಬ್ಬ ಹುಡುಗ ಮಣ್ಣುವಿಜ್ಞಾನ ಕಲಿಯುತ್ತೇನೆಂದರೆ, ಒಬ್ಬ ಹುಡುಗಿ ಫಾರ್ಸಿ ಕಲಿತು ಹಳೆಯ ಕಾಗದಗಳನ್ನು ಓದುತ್ತೇನೆಂದರೆ, ಮೌನವಾಗಬೇಡಿ. ನಮ್ಮೆಲ್ಲರ ಹೆಗಲ ಮೇಲಿದ್ದ ಹೊರೆಯನ್ನು ಇಳಿಸಲು ಆ ಮಗು ಹೊರಟಿದೆ. ಮನಃಪೂರ್ವಕವಾಗಿ 'ಮಾಶಾ ಅಲ್ಲಾಹ್' ಎನ್ನಿರಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ನಮಗೆ ಅದನ್ನು ಗುರುತಿಸುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.